ಗಾಜಿನ ಕಪಾಟಿನ ಆಸೆ

ಹುಲಿಯ ಜೊತೆ ಹರಟೆ ಹೊಡೆದವನು ನಾನು, ಫ್ರಿಜ್ಜಿನ ಬಾಗಿಲ ಮೇಲಿನ ಮಾತು ನನಗೆ ಕೇಳಿಸದೇ ಇರುತ್ತದೆಯೇ? ನಮ್ಮ ಚನ್ನವೀರ ಶೆಟ್ಟರಿಗೆ ಅಂಗಡಿಯವರು ಜಾಹೀರಾತಿಗೆಂದು ಹಂಚುವ ಮ್ಯಾಗ್ನೆಟ್ಟು ಕೂಡಿಡುವ ಹುಚ್ಚು. ಅಂಗಡಿ ಮುಚ್ಚಿಹೋಗಿದ್ದರೆ ಅದರ ಮ್ಯಾಗ್ನೆಟ್ಟಿಗೆ ಗಾಜಿನ ಕಪಾಟಿನಲ್ಲಿ ಜಾಗ. ಮಿಕ್ಕವು ಫ್ರಿಜ್ಜಿನ ಮೇಲೆ ದುಡಿಯಬೇಕು.

ಉಪ್ಪಿನಕಾಯಿ ಅಂಗಡಿಯ ಮ್ಯಾಗ್ನೆಟ್ಟು ಕಪಾಟಿನಲ್ಲಿದ್ದ ಸೋಡಾ ಮ್ಯಾಗ್ನೆಟ್ಟನ್ನು ಕಂಡು ಕುದಿಯಿತು. “ಬಣ್ಣ ಹೋದ ಮುದಿಯನಿಗೆ ಸಿಂಹಾಸನ, ನನಗೆ ಹಾಲಿನ ಚೀಟಿ ಹಿಡಿಯೋ ಚಾಕರಿ! ದೇವರೇ, ನಮ್ಮ ಅಂಗಡಿಗೂ ಬೀಗ ಬೀಳಲಿ!”

ಬಿದ್ದೇಬಿಟ್ಟಿತು. ಶೆಟ್ಟರು ಉಪ್ಪಿನಕಾಯಿ ಮ್ಯಾಗ್ನೆಟ್ಟನ್ನು ಒರೆಸಿ ಸೋಡಾದ ಪಕ್ಕದಲ್ಲೇ ಕೂರಿಸಿದರು.

“ಈಗೇನಂತೀಯ, ತಾತ?” ಎಂದು ಅದು ಎದೆಯುಬ್ಬಿಸಿತು.

“ಏನನ್ನಲಿ ಮಗಾ? ಇಷ್ಟು ವರ್ಷ ನಿನ್ನ ನೋಡಿ ಹೊಟ್ಟೆ ಉರ್ಕೊಂಡವನು ನಾನು. ನಿನ್ನ ಮೈಮೇಲಿನ ನಂಬರಿಗೆ ಫೋನ್ ಮಾಡಿದರೆ ಆ ಕಡೆ ‘ಹಲೋ’ ಅನ್ನೋರು ಇದ್ದರಲ್ಲೋ!”

ಅಷ್ಟರಲ್ಲಿ ಶೆಟ್ಟರ ಹೆಂಡತಿ ಗಿರಿಜಕ್ಕ, ಉಪ್ಪಿನಕಾಯಿ ಅಂಗಡಿ ಮುಚ್ಚಿದ್ದು ಮರೆತು, ಬಾಯಿಪಾಠವಾಗಿದ್ದ ನಂಬರನ್ನೇ ಒತ್ತಿದಳು. ಉಪ್ಪಿನಕಾಯಿ ಮ್ಯಾಗ್ನೆಟ್ಟು ಗಾಜಿಗೆ ಕಿವಿಯಿಟ್ಟು ಕಾಯಿತು. ಫೋನು ಬಡಿದುಕೊಂಡೇ ಇತ್ತು. ಆ ಕಡೆ ಯಾರೂ ಎತ್ತಲಿಲ್ಲ.