ಸಾದಾ ಮುಗಿಯೋಗಂಟ ನಿಲ್ಲಿಸಬೇಡ

ನಿಂಗಾಜಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಕೈಕಾಲು ಗಟ್ಟಿ, ಊಟ ಗಟ್ಟಿ, ತಲೆಯೊಳಗೆ ಏನಾದರೂ ಹಾಕೋದನ್ನ ಮಾತ್ರ ದೇವರು ಮರೆತುಬಿಟ್ಟಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಹೇಳದೇ ಇದ್ದದ್ದನ್ನ ತಲೆ ಹೋದರೂ ಮಾಡೋನಲ್ಲ. ಇಂಥ ಮಗನನ್ನ ಕಟ್ಟಿಕೊಂಡು ಆ ತಾಯಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಸತ್ತ ಗಂಡ ಬಿಟ್ಟುಹೋಗಿದ್ದು ಒಂದು ಹಳೇ ವ್ಯಾನು; ಅದನ್ನ ಓಡಿಸೋದನ್ನ ಮಾತ್ರ ಮಗನಿಗೆ ಕಲಿಸಿದ್ದ. ಬಾಡಿಗೆ ಸಿಕ್ಕದೆ ಅದು ಅಂಗಳದಲ್ಲೇ ನಿಂತಿತ್ತು. ಗುಜರಿಯವನು ಬಂದು ಟೈರು ಒದ್ದು ನೋಡಿ ಹೋಗಿದ್ದ. ಅಷ್ಟರಲ್ಲಿ ಓಲಗದ ಚನ್ನಿಗಯ್ಯ ಬಾಗಿಲಿಗೆ ಬಂದ.

"ನಿಂಗಾಜಕ್ಕ, ನಾಳೆ ಮಳವಳ್ಳೀಲಿ ಮದ್ವೆ. ಮುಹೂರ್ತಕ್ಕೆ ಮುಂಚೆ ನಮ್ಮನ್ನ ಮುಟ್ಸಿದ್ರೆ, ಈ ಲಗ್ನದ ಕಾಲ ಮುಗಿಯೋಗಂಟ ನಿನ್ನ ಗಾಡಿನೇ. ತಡ ಆಯ್ತೋ, ಗುಜರಿಯೋನ್ಗೇ ಕೊಟ್ಬುಡು!"

ನಿಂಗಾಜಮ್ಮ ಮಗನನ್ನ ಕೂಗಿದಳು. "ಲೋ ಬೋರಾ, ಓಗ್ಲಾ! ಬೇಗ ಓಗಿ ಗಾಡಿಗೆ ಪೆಟ್ರೋಲ್ ಹಾಕ್ಸ್ಕೊಂಡ್ ಬಾ!"

ಹೋದ. ಹೋದಷ್ಟೇ ಬೇಗ ಬಂದ. ಟ್ಯಾಂಕಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

"ಯಾಕ್ಲಾ ಹಾಕ್ಸಲಿಲ್ಲ?"

"ಸಾದಾನೋ, ಜಾಸ್ತಿ ದುಡ್ಡಿನ ಪವರ್ರೋ ಅಂತ ಬಂಕಿನೋನು ಕೇಳ್ದ ಕಣವ್ವ. ನೀನು ಪೆಟ್ರೋಲ್ ಅಂದಿದ್ದೆ. ಯಾವ್ದು ಅಂತ ಹೇಳಿರ್ಲಿಲ್ವಲ್ಲ!"

"ಅಯ್ಯೋ ನನ್ನ ಹಣೆಬರವೇ! ನಿಮ್ಮಪ್ಪ ಇರೋಗಂಟ ಸಾದಾನೇ ಹಾಕ್ದ, ಗಾಡಿ ಏನು ಕೆಮ್ತಾ? ಸಾದಾ ಅನ್ಬೇಕು ಕಣ್ಲಾ! ಯಾರೇ ಕೇಳ್ಲಿ, ಏನೇ ಕೇಳ್ಲಿ, ಸಾದಾ ಅನ್ನು!"

"ಆಯ್ತು ಕಣವ್ವ."

ಹೋದ. ಬಂಕಿನವನು ಕೇಳಿದ, ಸಾದಾ ಅಂದ. ಟ್ಯಾಂಕಿಗೆ ಒಂದಿಷ್ಟು ಸಾದಾ ಬಿತ್ತು. ವಾಪಸು ಬರುವಾಗ ದಾರಿಯಲ್ಲಿ ಚನ್ನಿಗಯ್ಯ ಸಿಕ್ಕಿದ.

"ಏನಪ್ಪ ಬೋರಲಿಂಗ, ಗಾಡಿ ಎಂಗೈತೆ?"

"ಸಾದಾ."

"ಬ್ರೇಕು?"

"ಸಾದಾ."

"ಡ್ರೈವರ್ರು ಎಂಗೆ?"

"ಸಾದಾ!"

ಚನ್ನಿಗಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ ನೆಟ್ಟಗೆ ನಿಂಗಾಜಮ್ಮನ ಮುಂದೆ ಬಂದು ನಿಂತ. "ಸಾದಾ ಬ್ರೇಕಂತೆ! ಸಾದಾ ಡ್ರೈವರಂತೆ! ನಾವೇನು ಕುರಿಗಳಾ, ನಿಂಗಾಜಕ್ಕ?"

ಕೈಕಾಲು ಹಿಡಿದು ಅವನನ್ನ ಸಮಾಧಾನ ಮಾಡಿ ಕಳಿಸೋ ಹೊತ್ತಿಗೆ ಅವಳಿಗೆ ಸಾಕುಸಾಕಾಯಿತು. ಮಗನ ಕಡೆ ತಿರುಗಿದಳು.

"ದೊಡ್ಡೋರಿಗೆ ಯಾರಾದ್ರೂ ಸಾದಾ ಅಂತಾರೇನ್ಲಾ? ದೊಡ್ಡೋರು ಬಂದ್ರೆ ಎಲ್ಲಾದ್ಕಿಂತ ಮೇಲಿಂದು ಯಾವ್ದೈತೋ ಅದ್ನ ಕೊಡ್ಬೇಕು! ತಿಳೀತಾ?"

"ತಿಳೀತು ಕಣವ್ವ."

ಬೆಳಗಾಯಿತು. ನಿಂಗಾಜಮ್ಮ ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಬದಲಿಸಿ ಎದ್ದಿದ್ದಳು. ನಾಗಸ್ವರ ಹಿಡಿದು ಚನ್ನಿಗಯ್ಯ ಬಂದ, ಡೋಲು ನೇತುಹಾಕಿಕೊಂಡು ಮಂಚಯ್ಯ ಬಂದ. ಇಬ್ಬರೂ ಜಗಲಿ ಮೇಲೆ ಕೂತರು. ಬೋರಲಿಂಗ ನೋಡಿದ. ದೊಡ್ಡೋರು! ಬಂಕಿಗೆ ಓಡಿದ, ಬಾಟ್ಲಿಯಲ್ಲಿ ತಂದ, ಕಂಚಿನ ಲೋಟಕ್ಕೆ ಬಗ್ಗಿಸಿದ, ಎರಡೂ ಕೈಯಲ್ಲಿ ಹಿಡಿದು ಚನ್ನಿಗಯ್ಯನ ಮುಂದೆ ಚಾಚಿದ.

"ಕುಡೀರಣ್ಣ."

ಚನ್ನಿಗಯ್ಯ ಲೋಟ ತುಟಿ ಹತ್ತಿರ ತಂದ. ಮೂಗು ಅರಳಿತು. ಕಣ್ಣೂ ಅರಳಿತು. "ಏನ್ಲಾ ಇದು!"

"ಪವರ್ರು ಕಣಣ್ಣ! ಎಲ್ಲಾದ್ಕಿಂತ ಮೇಲಿಂದು!"

ಚನ್ನಿಗಯ್ಯ ಲೋಟ ಕುಕ್ಕಿ ಎದ್ದ. ನಿಂಗಾಜಮ್ಮ ಒಲೆ ಬಿಟ್ಟು ಓಡಿಬಂದಳು. "ಅದು ಗಾಡಿ ಕುಡಿಯೋದು ಕಣ್ಲಾ ಪಾಪಿ! ಮನ್ಸರಿಗೆ ಕೊಡ್ತಾರಾ?"

ಗಾಡಿ ಕುಡಿಯೋದು ಅಂದಳಲ್ಲ, ಬೋರಲಿಂಗ ಬಾಟ್ಲಿ ತಗೊಂಡು ಗಾಡಿ ಹತ್ತಿರ ಹೋದ. ಈಗ ಮಂಚಯ್ಯ ಅಡ್ಡ ಬಂದ. "ತಡಿಯೋ! ಸಾದಾ ಇರೋ ಟ್ಯಾಂಕಿಗೆ ಪವರ್ ಬೆರೆಸಿದ್ರೆ ಇಂಜಿನ್ ಕೆಡ್ತದೆ!"

"ಯಾವನಯ್ಯ ಹೇಳ್ದೋನು? ಪವರ್ ಹಾಕಿದ್ರೆ ಗಾಡಿ ಹಾರ್ಕೊಂಡ್ ಓಯ್ತದೆ" ಅಂತ ಚನ್ನಿಗಯ್ಯ.

"ಈ ಮುದಿ ಗಾಡಿ ಎಲ್ಲಿಗೆ ಹಾರ್ತದಣ್ಣ?"

"ಮೊದ್ಲು ಸಾದಾನ ಖಾಲಿ ಮಾಡ್ಬೇಕು" ಅಂತ ಮತ್ತೆ ಮಂಚಯ್ಯನೇ.

"ಖಾಲಿ ಮಾಡಿದ್ರೆ ಮಳವಳ್ಳಿಗೆ ತಳ್ಕೊಂಡ್ ಓಗ್ತೀಯಾ?"

ಹೊತ್ತು ಏರುತ್ತಿದೆ. ಅತ್ತ ಮುಹೂರ್ತ ಹತ್ತಿರ ಬರುತ್ತಿದೆ. ಇತ್ತ ಇಬ್ಬರೂ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ ಇಣುಕಿ ವಾದ ಮಾಡುತ್ತಿದ್ದಾರೆ. ನಿಂಗಾಜಮ್ಮ ಮಧ್ಯೆ ನುಗ್ಗಿದಳು. ಮುಚ್ಚಳ ಕಿತ್ತುಕೊಂಡು ಹಾಕಿದಳು, ಇಬ್ಬರನ್ನೂ ಒಳಗೆ ದಬ್ಬಿದಳು, ತಾನೂ ಹತ್ತಿ ಕೂತಳು.

"ಲೋ ಬೋರಾ! ಮಳವಳ್ಳಿ ಛತ್ರಕ್ಕೆ ಓಡ್ಸು! ಪವರ್ರು ಆಮೇಲೆ. ಟ್ಯಾಂಕಲ್ಲಿರೋ ಸಾದಾ ಮುಗಿಯೋಗಂಟ ನಿಲ್ಲಿಸಬೇಡ!"

"ಆಯ್ತು ಕಣವ್ವ."

ಓಡಿಸಿದ. ಹೇಗೆ ಓಡಿಸಿದ ಅಂತೀರಿ! ಎತ್ತಿನಗಾಡಿ ಹಿಂದಾಯ್ತು, ಬಸ್ಸು ಹಿಂದಾಯ್ತು. ಛತ್ರ ಕಂಡಿತು, ಚಪ್ಪರ ಕಂಡಿತು. ಮುಹೂರ್ತಕ್ಕೆ ಇನ್ನೂ ಟೈಮಿತ್ತು. ನಿಂಗಾಜಮ್ಮ ಅವತ್ತು ಮೊದಲನೇ ಸಲ ನೆಟ್ಟಗೆ ಉಸಿರು ಬಿಟ್ಟಳು.

ಗಾಡಿ ಗೇಟಿನೊಳಗೆ ಹೋಯಿತು. ಚಪ್ಪರ ದಾಟಿತು. ಅಡುಗೆಮನೆ ದಾಟಿತು. ಹಿತ್ತಲು ಸುತ್ತಿ ಮತ್ತೆ ಚಪ್ಪರದ ಮುಂದೆ ಬಂತು. ಮತ್ತೆ ದಾಟಿತು.

"ನಿಲ್ಸೋ!"

"ಮುಗಿದಿಲ್ಲ ಕಣವ್ವ. ಪೆಟ್ರೋಲ್ ಮುಳ್ಳು ಇನ್ನೂ ಮ್ಯಾಲೈತೆ."

ಮಂಚಯ್ಯ ಬಾಗಿಲು ತೆಗೆದು ಹಾರೋಕೆ ನೋಡಿದ, ಕೊರಳಲ್ಲಿದ್ದ ಡೋಲು ಬಾಗಿಲಿಗೆ ಸಿಕ್ಕಿಕೊಂಡಿತು. ನಿಂಗಾಜಮ್ಮ ಮಗನ ಬೆನ್ನಿಗೆ ಗುದ್ದಿದಳು. ಕಿಟಕಿಯಲ್ಲಿ ಒಂದು ಸುತ್ತಿನಲ್ಲಿ ಮದುಮಗಳು ಕಂಡಳು, ಇನ್ನೊಂದು ಸುತ್ತಿನಲ್ಲಿ ಗಂಡಿನ ಕೈಯಲ್ಲಿ ತಾಳಿ ಕಂಡಿತು. ಒಳಗಿಂದ ಪುರೋಹಿತರ ಕೂಗು: "ಗಟ್ಟಿಮೇಳ! ಗಟ್ಟಿಮೇಳ!"

"ಓಯ್ತು, ನನ್ನ ಮಾನ ಓಯ್ತು!" ಅಂದ ಚನ್ನಿಗಯ್ಯ. ಬೇರೆ ದಾರಿ ಕಾಣದೆ ನಾಗಸ್ವರವನ್ನ ಕಿಟಕಿಯಿಂದ ಹೊರಗೆ ತೂರಿಸಿ ಊದೇ ಬಿಟ್ಟ. ಮಂಚಯ್ಯ ಸಿಕ್ಕಿಕೊಂಡ ಡೋಲನ್ನ ಸಿಕ್ಕಿಕೊಂಡ ಹಾಗೇ ಬಾರಿಸಿದ. ಗಟ್ಟಿಮೇಳ ಮುಂದಿನ ಬಾಗಿಲಿಂದ ಕೇಳಿತು, ಹಿತ್ತಲಿಂದ ಕೇಳಿತು, ಮತ್ತೆ ಮುಂದಿನ ಬಾಗಿಲಿಗೆ ಬಂತು. ಗಂಡು ತಾಳಿ ಕಟ್ಟಿದ. ಮುಳ್ಳು ಕೆಳಗೆ ಬಿತ್ತು. ಗಾಡಿ ಗಕ್ಕನೆ ನಿಂತಿತು.

ಹೆಣ್ಣಿನ ಅಪ್ಪ ಓಡೋಡಿ ಬಂದ. ಹೊಡೆಯೋಕೇ ಬಂದ ಅಂತ ನಿಂಗಾಜಮ್ಮ ಸೆರಗು ಬಾಯಿಗೆ ಹಿಡಿದಳು. ಅವನು ಚನ್ನಿಗಯ್ಯನ ಕೈ ಹಿಡಿದುಕೊಂಡ.

"ಓಲಗನೇ ನನ್ನ ಮಗಳಿಗೆ ಪ್ರದಕ್ಷಿಣೆ ಬಂದಂಗಾಯ್ತಲ್ಲಪ್ಪ! ಮದ್ದೂರಲ್ಲಿ ನನ್ನ ತಮ್ಮನ ಮಗಳ ಮದ್ವೆ ಐತೆ. ನೀವೇ ಬರ್ಬೇಕು!"

ಚನ್ನಿಗಯ್ಯನಿಗೆ ಇನ್ನೂ ತಲೆ ಗಿರ್ರನೆ ತಿರುಗುತ್ತಿತ್ತು. ಆದರೂ ಮೀಸೆ ಮೇಲಕ್ಕೆ ಹೋಯಿತು. "ನಿಂಗಾಜಕ್ಕ, ಇನ್ಮೇಲೆ ನಿನ್ನ ಗಾಡಿನೇ!" ಅಂದ. ಆ ತಾಯಿಗೆ ಕಣ್ಣಲ್ಲಿ ನೀರು ಬಂತು. ವ್ಯಾನು ಉಳಿಯಿತು, ಅನ್ನ ಉಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಚನ್ನಿಗಯ್ಯ ಬೋರಲಿಂಗನ ಬೆನ್ನು ತಟ್ಟಿದ.

"ಶಾಬಾಸ್ ಕಣ್ಲಾ! ಇವತ್ತು ಎಂಗ್ ಕರ್ಕೊಂಡ್ ಬಂದ್ಯೋ, ಎಲ್ಲಾ ಮದ್ವೆಗೂ ಇಂಗೇ ಕರ್ಕೊಂಡ್ ಬಾ!"

"ಅಯ್ಯೋ, ಅಂಗನ್ಬೇಡ ಕಣಣ್ಣ! ಅವನ್ಗೆ ಏನೂ ಹೇಳ್ಬೇಡ!" ಅಂತ ನಿಂಗಾಜಮ್ಮ ಕೂಗಿದಳು. ಕೂಗೋ ಹೊತ್ತಿಗೆ ಅವನು ಹೇಳಿಯಾಗಿತ್ತು, ಇವನು ಕೇಳಿಯಾಗಿತ್ತು.

ಮದ್ದೂರಿನ ಮದುವೆಯ ದಿನ ಬಂತು. ಸಾದಾ ಮುಗಿಯೋದು, ನಡುವೆ ನಿಲ್ಲೋದು, ಯಾವ ರಗಳೆಯೂ ಬೇಡ ಅಂತ ನಿಂಗಾಜಮ್ಮ ತಾನೇ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದಳು. ಬೆಳಬೆಳಿಗ್ಗೆ ಎಲ್ಲರೂ ಹತ್ತಿದರು. ಎಷ್ಟೋ ದಿನದಿಂದ ನಿದ್ದೆ ಕೆಟ್ಟಿದ್ದ ತಾಯಿಗೆ ಕೂತಲ್ಲೇ ಕಣ್ಣು ಹತ್ತಿತು. ಓಲಗದವರೂ ತೂಕಡಿಸಿದರು.

ಎಚ್ಚರವಾದಾಗ ಗಾಡಿ ಗಿರಗಿರ ತಿರುಗುತ್ತಿತ್ತು. ಛತ್ರದ ಬಾಗಿಲಿಗೆ ಬೀಗ. ಚಪ್ಪರ ಇಲ್ಲ, ಜನ ಇಲ್ಲ. ಒಂದು ನಾಯಿ ನಿಂತು ನೋಡುತ್ತಿತ್ತು.

"ಬೋರಾ! ಯಾವೂರ್ಲಾ ಇದು?"

"ಮಳವಳ್ಳಿ ಕಣವ್ವ, ಅವತ್ತಿನ ಛತ್ರನೇ! ಊದಣ್ಣ, ಊದು!"

"ನಿಲ್ಸೋ! ನಿಲ್ಸೋ ಪಾಪಿ!"

"ಮುಗಿದಿಲ್ಲ ಕಣವ್ವ."

ಅತ್ತ ಮದ್ದೂರಲ್ಲಿ ಗಂಡು ತಾಳಿ ಹಿಡಿದು ನಿಂತಿದ್ದ. ಇತ್ತ ಟ್ಯಾಂಕು ಭರ್ತಿ ಇತ್ತು.