ಎಂಟನೆಯ ಕಂಬ

ಕಾಳಿನ ವ್ಯಾಪಾರಿ ರಾಚಪ್ಪನವರ ಅಜ್ಜ ನೂರು ವರ್ಷದ ಹಿಂದೆ ಅಂಗಡಿ ಕಟ್ಟಿಸಿದಾಗ ಮಾಳಿಗೆ ಹೊರಲು ಏಳು ಸಾಗುವಾನಿ ಕಂಬಗಳು ಸಾಕಾಗಿದ್ದವು. ಬೆಸ ಸಂಖ್ಯೆ ಒಳ್ಳೆಯದಲ್ಲವೆಂದು ಯಾರೋ ಹೇಳಿದ್ದಕ್ಕೆ ಎಂಟನೆಯದೊಂದನ್ನು ಬಾಗಿಲ ಬಳಿ ಸುಮ್ಮನೆ ನೆಡಿಸಿದರು. ಅದರ ತಲೆಗೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದಿತ್ತು.

ಈಗ ರಾಚಪ್ಪನವರಿಗೆ ಬಾಗಿಲು ಅಗಲವಾಗಬೇಕಿತ್ತು. ಎಂಜಿನಿಯರ್ ಆ ಸಂದಿಯಲ್ಲಿ ಬೆರಳಾಡಿಸಿ, "ಇದು ಏನೂ ಹೊತ್ತಿಲ್ಲ. ಇದನ್ನೇ ಕೀಳೋಣ" ಎಂದರು.

"ಕೇಳಿದೆಯಾ?" ಎಂದಿತು ಏಳನೆಯ ಕಂಬ. "ನೂರು ವರ್ಷ ನಮ್ಮ ಸಾಲಿನಲ್ಲಿ ನಿಂತು ಪುಕ್ಕಟೆ ಮರ್ಯಾದೆ ಪಡೆದೆ."

"ನಿಜ. ಮಾಳಿಗೆ ನನ್ನ ಮೇಲಿಲ್ಲ. ಜನ ಒರಗಿಕೊಳ್ಳುತ್ತಾರೆ, ಅಷ್ಟೇ" ಎಂದಿತು ಎಂಟನೆಯದು.

"ಅದೂ ಒಂದು ಕೆಲಸವೇ?"

"ಸ್ವಲ್ಪ ತಡೀರಿ, ವಿಚಾರ ಮಾಡ್ತೀನಿ" ಎಂದು ರಾಚಪ್ಪನವರು ಎಂಜಿನಿಯರಿಗೆ ಹೇಳಿ, ಎಂದಿನಂತೆ ಎಂಟನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತರು.

ಚೀಲ ಇಳಿಸುತ್ತಿದ್ದ ಹಮಾಲ ಹುಸೇನಸಾಬ ನಕ್ಕ. "ಸಾವ್ಕಾರ್ರ, ಅದನ್ನ ಕಿತ್ತ ಮ್ಯಾಲ ವಿಚಾರ ಎಲ್ಲಿ ನಿಂತು ಮಾಡ್ತೀರಿ?"

ರಾಚಪ್ಪನವರು ತಿರುಗಿ ನೋಡಿದರು. ಬೆನ್ನು ತಾಗುವ ಎತ್ತರದಲ್ಲಿ ಮರ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು. ಉಳಿದ ಏಳರ ಮೇಲೆ ಧೂಳಿತ್ತು.

"ಬಾಗಿಲು ಇಷ್ಟಽ ಇರಲಿ ಬಿಡ್ರಿ" ಎಂದು ಎಂಜಿನಿಯರಿಗೆ ಹೇಳಿ ಮತ್ತೆ ಒರಗಿಕೊಂಡರು.