ಮಿಂದಮ್ಮನ ದಿಬ್ಬದ ಹಸಿರು ಬಳೆ

ಕಲಿಪುರುಷನ ಕಾಲು ಭೂಮಂಡಲದಲ್ಲಿ ಇನ್ನೂ ಗಟ್ಟಿಯಾಗಿ ಊರದಿದ್ದ ಪುರಾತನ ಕಾಲದಲ್ಲಿ, ಮಳೆರಾಯನು ದಾರಿ ತಪ್ಪಿ ಬಂದರೆ ಬಂದ, ಇಲ್ಲವಾದರೆ ಇಲ್ಲ ಎಂಬಂತಿದ್ದ ಈ ಬಯಲುಸೀಮೆಯಲ್ಲಿ, ಗ್ರೀಷ್ಮತಾಪಕ್ಕೆ ಭೂಗರ್ಭದ ಲವಣವು ಮೇಲೆದ್ದು ಧವಳವಸ್ತ್ರದಂತೆ ಹರಡುತ್ತಿದ್ದ ಸವಳುನೆಲವನ್ನೇ ನಂಬಿಕೊಂಡು, ಉಪ್ಪು ತೆಗೆಯುವ ಕುಲದ ಮಾಕಬ್ಬೆಯೆಂಬ ವೃದ್ಧೆಯು ಬಾಳುತ್ತಿದ್ದಳು. ಸವಳುಮಣ್ಣನ್ನು ಕೆರೆದು ತಂದು, ಗುಣಿಯಲ್ಲಿ ತುಂಬಿ ನೀರೆರೆದು, ಸೋಸಿ ಇಳಿದ ಕ್ಷಾರಜಲವನ್ನು ಬಿಸಿಲಿಗೊಡ್ಡಿ ಉಪ್ಪು ಮಾಡುವುದು ಅವರ ಕುಲವೃತ್ತಿ. ಉಪ್ಪು ಕಳೆದುಕೊಂಡ ಮಣ್ಣನ್ನು ಮಾತ್ರ ಸತ್ತ ಮಣ್ಣೆಂದು ಊರಾಚೆ ಸುರಿಯುತ್ತಿದ್ದರು. ಅದನ್ನು ದನಕರು ತುಳಿದರೆ ಮರುವರ್ಷ ಉಪ್ಪೇ ಏಳದೆಂದು ನಂಬಿದ್ದರು. ತಲೆಮಾರುಗಳಿಂದ ಸುರಿದ ಆ ಮಣ್ಣು ದೊಡ್ಡ ದಿಬ್ಬವಾಗಿ ಬೆಳೆದಿತ್ತು.

ಹೆರಿಗೆಯಲ್ಲಿ ಮಡಿದ ಮಗಳ ಹಸುಗೂಸನ್ನು ಮಾಕಬ್ಬೆಯು ತನ್ನ ಒಂದೇ ಒಂದು ಹಸುವಿನ ಹಾಲೆರೆದು ಸಾಕುತ್ತಿದ್ದಳು. ಅನಾವೃಷ್ಟಿಯ ಆ ವರ್ಷ ಒಂದೇ ಹದಮಳೆ ಸುರಿದು ಮುಗಿಲು ಬರಿದಾಯಿತು. ಸವಳಿನಲ್ಲಿ ಮೊಳೆತ ಹುಲ್ಲೆಲ್ಲ ಕಮರಿಹೋಗಿ ಹಸುವಿನ ಕೆಚ್ಚಲು ಬತ್ತಿತು. ಆದರೆ ದಿಬ್ಬದಿಂದ ಜಾರಿದ ನೀರು ಇಂಗಿದ ಬುಡದಲ್ಲಿ, ಸುತ್ತಲೂ ಬಳೆ ತೊಡಿಸಿದಂತೆ, ಹಸಿರು ಹುಲ್ಲು ಎದ್ದು ನಿಂತಿತ್ತು!

"ದನಾ ಅಲ್ಲಿ ಬಿಡಬ್ಯಾಡ ಮಾಕವ್ವ, ಊರ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಎಂದು ಕುಲದ ಹಿರಿಯನು ಗದರಿದನು. ಅವನಿಗೇನು, ಕಟ್ಟಳೆ ಹೇಳುವುದಕ್ಕೆ ಹಾಲು ಬೇಕಾಗಿರಲಿಲ್ಲ. ಇತ್ತ ಕೂಸಿಗೆ ಅಳುವ ಶಕ್ತಿಯೂ ಉಡುಗಿತು. ಅಯ್ಯೋ, ಅಳಲಾರದ ಕೂಸನ್ನು ಮಡಿಲಲ್ಲಿಟ್ಟು ಕೂರುವ ಸಂಕಟ ವೈರಿಗೂ ಬೇಡ. ಮಾಕಬ್ಬೆ ಎದ್ದಳು, "ತಾಯೀ, ಪಾಪ ನನಗಿರಲಿ, ಕೂಸು ಉಳೀಲಿ" ಎಂದು ಕೈಮುಗಿದು ಹಗ್ಗ ಬಿಚ್ಚಿದಳು.

ಕೋಲು ಹಿಡಿದು ಓಡಿಬಂದ ಜನರ ಕಣ್ಣೆದುರೇ ಹಸುವು ದಿಬ್ಬದ ಬುಡವನ್ನು ಮೆಟ್ಟಿತು. ಆಗ ಮೃತ್ತಿಕಾಗರ್ಭದಿಂದ ದಿವ್ಯವಾಣಿಯು ಮೊಳಗಿತು: "ಎಲೈ ಮಾನವರೇ, ಕ್ಷಾರದಿಂದ ಉರಿಯುತ್ತಿದ್ದ ನನ್ನ ಮೈಗೆ ನೀರೆರೆದು ತಂಪು ಮಾಡಿದವರು ನೀವೇ. ಮಿಂದು ಕುಳಿತ ತಾಯಿಯನ್ನು ಸತ್ತಳೆಂದು ಹೊರಗಿಟ್ಟಿರಲ್ಲ! ಹಸು ಮೇಯಲಿ. ಕೂಸು ನನ್ನದು."

ಹಿರಿಯನ ಕೈಯ ಕೋಲು ಜಾರಿತು. ಅವನೇ ಬಗ್ಗಿ ಹುಲ್ಲು ಕಿತ್ತು ಹಸುವಿನ ಬಾಯಿಗಿಟ್ಟನು. ಕೂಸು ಉಳಿಯಿತು. ಮರುವರ್ಷ ಉಪ್ಪೂ ಎಂದಿನಂತೆ ಎದ್ದಿತು.

ಬಿಳಿಯ ಬಯಲಿನ ನಡುವೆ ಆ ಹಸಿರು ಬಳೆಯು ಇಂದಿಗೂ ಭಕ್ತರಿಗೆ ಗೋಚರಿಸುತ್ತದೆ. ಮಿಂದಮ್ಮನೆಂದು ಹೆಸರಾದ ಆ ತಾಯಿಯ ಸನ್ನಿಧಿಗೆ ಬೇಲಿಯಿಲ್ಲ, ಬಾಗಿಲಿಲ್ಲ. ಮೊದಲ ಮಳೆಯ ನಂತರದ ಮಹಾಪೂಜೆಯಂದು ಊರ ದನಗಳನ್ನು ಮೊದಲು ಒಳಗೆ ಬಿಡುತ್ತಾರೆ. ಅವು ಹೊಟ್ಟೆ ತುಂಬ ಮೇದು ತಾವಾಗಿಯೇ ಹೊರಬರುವವರೆಗೆ ಅರ್ಚಕರು ಆರತಿ ಹಿಡಿದು ಬಿಸಿಲಿನಲ್ಲಿ ಕಾಯುತ್ತಾರೆ.